ಹಸಿ ಬಣ್ಣದ ಮೇಲೆ ಗಾಲಿ

“ಬಾವುಟ ಹಿಡಿಯೋಕ್ ಬರದ ಮುಂಡೇನೆಲ್ಲ ತಂದು ರಸ್ತೇಲಿ ನಿಲ್ಲಿಸ್ತೀಯಲ್ಲೋ ಬೋಳಿಮಗನೇ, ನಿನ್ ಕಣ್ಣೇನು ಕುರುಡಾ?”

ಇಂಜಿನಿಯರ್ ಸಾಹೇಬರು ಬೈಯುತ್ತಿದ್ದುದು ಮೇಸ್ತ್ರಿಯನ್ನು. ನೋಡುತ್ತಿದ್ದುದು ತಮ್ಮ ಕಾರಿನ ನೆಗ್ಗಿದ ಮೂತಿಯನ್ನು. ಮುಂಡೆ ಎನಿಸಿಕೊಂಡವಳು ಹತ್ತು ಮಾರು ಆಚೆ ಟಾರಿನ ಮೇಲೆ ಬಿದ್ದಿದ್ದಳು. ಅವಳ ತಲೆ ಅತ್ತಿಗೆಯ ತೊಡೆಯ ಮೇಲಿತ್ತು. ಬಲಗಾಲು ಮೊಣಕಾಲಿನ ಕೆಳಗೆ ತಿರುಗಬಾರದ ಕಡೆಗೆ ತಿರುಗಿತ್ತು.

ಕಾರಿನಲ್ಲೇ ಆಸ್ಪತ್ರೆಗೆ ಒಯ್ಯೋಣವೆಂದು ಅತ್ತಿಗೆ ಕೈಮುಗಿದು ಕೇಳಿದಳು. ಸೀಟು ಹಾಳಾಗುತ್ತದೆಂದು ಸಾಹೇಬರು ಬಾಗಿಲು ಹಾಕಿದರು. ಕೊನೆಗೆ ನಾದಿನಿಯನ್ನು ಎತ್ತಿ ಹಾಕಿದ್ದು ಬಣ್ಣದ ಪುಡಿಯ ಮೂಟೆ ತರುವ ಲಾರಿಗೆ. ಜೊತೆಗೆ ಹತ್ತಹೋದ ಅತ್ತಿಗೆಯ ರಟ್ಟೆಯನ್ನು ಮೇಸ್ತ್ರಿ ಹಿಡಿದುಕೊಂಡ. ಒಲೆಯ ಮೇಲೆ ಪೀಪಾಯಿ ತುಂಬ ಬಣ್ಣ ಕುದಿಯುತ್ತಿತ್ತು. ಬಿಟ್ಟು ಹೋದರೆ ಕಲ್ಲಾಗುತ್ತದೆ, ಕೆಲಸ ಮುಗಿಸಿ ಹೋಗು ಎಂದ.

ರಸ್ತೆಗೆ ಬಿಳಿ ಪಟ್ಟೆ ಹಾಕುವುದು ಅತ್ತಿಗೆ ನಾದಿನಿಯರ ಕೆಲಸ. ಅರ್ಧ ರಸ್ತೆಗೆ ಹಗ್ಗ ಕಟ್ಟಿ, ಒಬ್ಬಳು ಒಳಗೆ ನಿಂತು ಕೆಂಪು ಬಾವುಟ ತೋರಿಸಬೇಕು. ಇನ್ನೊಬ್ಬಳು ಕುದಿವ ಬಣ್ಣವನ್ನು ಪೆಟ್ಟಿಗೆಗೆ ಬಿಟ್ಟುಕೊಂಡು ಗೆರೆಯುದ್ದಕ್ಕೂ ಎಳೆಯಬೇಕು. ಎಳೆದ ಗೆರೆ ಆರುವತನಕ ಗಾಳಿಯೂ ಅದರ ಮೇಲೆ ಕಾಲಿಡಬಾರದು.

ಆ ದಿನ ಅತ್ತಿಗೆ ಮೂರನೆಯ ಪಟ್ಟೆ ಮುಗಿಸಿ ಸೊಂಟ ನೆಟ್ಟಗೆ ಮಾಡಿದ್ದಳು. ನಾದಿನಿ ಬಾವುಟ ಬೀಸುವ ಚಂದ ನೋಡಿ ಬಾಯಿ ಸುಮ್ಮನಿರಲಿಲ್ಲ.

“ಏ ರಾಣಿ, ಹಂಗೆಲ್ಲ ಬೀಸ್ಬೇಡ. ನಿನ್ನ ನೋಡೋಕೇ ಗಾಡಿಯೆಲ್ಲ ನಿಂತ್ಬಿಡ್ತವೆ.”

ನಾದಿನಿ ತಿರುಗಿ ನಕ್ಕಳು. “ನಿಂಗ್ಯಾಕೆ ಹೊಟ್ಟೆಯುರಿ, ಅತ್ತಿಗೇ?”

ನಗು ಮುಗಿಯುವ ಮುಂಚೆ ಕಾರು ಬಂದಿತ್ತು.

ತನ್ನ ಆ ಮಾತನ್ನೇ ಅತ್ತಿಗೆ ಈಗ ಮನಸ್ಸಿನಲ್ಲಿ ತಿರುವಿಹಾಕಿದಳು. ನಾನು ಕರೆಯದಿದ್ದರೆ ಅವಳು ತಿರುಗುತ್ತಿರಲಿಲ್ಲ, ತಿರುಗದಿದ್ದರೆ ಕಾರು ಕಾಣುತ್ತಿತ್ತು. ಅಪ್ಪಾ ದೇವರೇ, ನೀನು ನೋಡಿದ್ದೀಯ. ನನ್ನ ನಾಲಿಗೆಯೇ ಅವಳ ಕಾಲು ಮುರಿಯಿತಾ, ಹೇಳು ಎಂದು ಮೇಲಿರುವವನನ್ನು ಕೇಳಿದಳು. ಮೇಲಿರುವವನು ಕೇಳಿದ ತಕ್ಷಣ ಹೇಳುವವನಲ್ಲ.

ಸಾಹೇಬರು ಮರದ ನೆರಳಲ್ಲಿ ಮೇಸ್ತ್ರಿಯ ಕಿವಿಗೆ ಏನೋ ಹೇಳಿದರು. ಮೇಸ್ತ್ರಿ ಒಂದು ಕಾಗದ, ಕರಿ ಬಣ್ಣದ ಒಂದು ಡಬ್ಬಿ ಹಿಡಿದು ಬಂದ. ಪೊಲೀಸರು ಅಳತೆಗೆ ಬರುತ್ತಾರೆ, ಅಷ್ಟರೊಳಗೆ ರಸ್ತೆಯ ಮೇಲಿನ ಕಾರಿನ ಗಾಲಿಯ ಗುರುತು ಕಾಣದಂತೆ ಕರಿ ಬಳಿಯಬೇಕು. ಹುಡುಗಿ ತಾನೇ ಹಗ್ಗ ದಾಟಿ ಕಾರಿಗೆ ಅಡ್ಡ ಬಂದಳೆಂದು ಕಾಗದದಲ್ಲಿತ್ತು. ಹತ್ತಿರದಿಂದ ನೋಡಿದವಳು ನೀನೊಬ್ಬಳೇ, ಹೆಬ್ಬೆಟ್ಟು ಒತ್ತು ಎಂದ.

“ಹೆಂಗೂ ನೀನೇ ಕರೆದೆಯಲ್ಲೇ. ಅವ್ಳು ಹಲ್ಲು ಕಿರಿತಾ ನಿಂತಿದ್ದು ನಾನೂ ನೋಡ್ದೆ.”

ಅತ್ತಿಗೆ ಡಬ್ಬಿ ತೆಗೆದುಕೊಂಡು ಮೂರನೆಯ ಪಟ್ಟೆಯ ಬಳಿ ಕುಕ್ಕರಗಾಲಲ್ಲಿ ಕುಳಿತಳು. ಬ್ರಷ್ ಅದ್ದಿದಳು.

ಆಗ ಅವಳ ಕಣ್ಣು ಕೆಲಸದ ಕಣ್ಣಾಯಿತು. ಹಸಿ ಪಟ್ಟೆಯನ್ನು ತುಳಿದ ಗಾಲಿಗಳು ಬಿಳಿ ಬಣ್ಣವನ್ನು ಹೊತ್ತುಕೊಂಡು ಮುಂದೆ ಹೋಗಿದ್ದವು. ಎರಡು ಸಾಲು, ಎರಡೂ ಹಗ್ಗದ ಒಳಗೇ. ಗಾಲಿಯ ಗೀರು ಒಂದೊಂದೂ ಅಚ್ಚು ಒತ್ತಿದಷ್ಟು ಸ್ಪಷ್ಟ. ಬ್ರೇಕ್ ತುಳಿದಿದ್ದರೆ ಬಣ್ಣ ಉಜ್ಜಿ ಹರಡಬೇಕಿತ್ತು. ನಾದಿನಿ ನಿಂತಿದ್ದ ಜಾಗ ದಾಟಿ ನಾಲ್ಕು ಹೆಜ್ಜೆ ಹೋದ ಮೇಲಷ್ಟೇ ಅದು ಉಜ್ಜಿತ್ತು.

ಅತ್ತಿಗೆ ಆ ಸಾಲನ್ನು ಮೂರು ಸಲ ಕಣ್ಣಲ್ಲೇ ನಡೆದಳು. ಹಗ್ಗದೊಳಗೆ ನುಗ್ಗಿ ಬಂದವನಿಗೆ, ಹುಡುಗಿ ಎದುರಾಗಿ ನಿಂತಿದ್ದರೂ ಒಂದೇ, ಬೆನ್ನು ಹಾಕಿ ನಕ್ಕಿದ್ದರೂ ಒಂದೇ.

ಎದ್ದು ಕರಿ ಡಬ್ಬಿಯನ್ನು ಚರಂಡಿಗೆ ಮಗುಚಿದಳು.

“ಏ, ಏನ್ ಮಾಡ್ತಿದೀಯ? ನನ್ ಹೊಟ್ಟೆ ಮೇಲೆ ಹೊಡಿಬೇಡ್ವೇ ತಾಯಿ,” ಎಂದ ಮೇಸ್ತ್ರಿ. ದನಿಯಲ್ಲಿ ಬೈಗುಳ ಅರ್ಧ, ಬೇಡಿಕೆ ಅರ್ಧ.

“ಕೆಲ್ಸ ಮುಗಿಸಿ ಹೋಗು ಅಂದೆಯಲ್ಲಣ್ಣ. ಮುಗಿಸ್ತಿದೀನಿ.”

ಬಾಣದ ಗುರುತು ಬರೆಯುವ ಸಣ್ಣ ಪೆಟ್ಟಿಗೆಗೆ ಕುದಿವ ಬಣ್ಣ ಬಿಟ್ಟುಕೊಂಡಳು. ಗಾಲಿಯ ಅಚ್ಚನ್ನು ಮುಟ್ಟದೆ, ಅದು ಎದ್ದು ಕಾಣುವಂತೆ ಎರಡೂ ಪಕ್ಕಕ್ಕೆ ಬೆರಳಗಲದ ಗೆರೆ ಎಳೆಯುತ್ತ ಹೊರಟಳು. ಹಗ್ಗದಾಚೆ ಬಂದು ನಿಂತ ಬಸ್ಸಿನಿಂದ ಜನ ಇಳಿದು ನೋಡತೊಡಗಿದರು. ಹಬೆಯಾಡುವ ಪೆಟ್ಟಿಗೆಯ ಹತ್ತಿರ ಮೇಸ್ತ್ರಿ ಬರಲಿಲ್ಲ.

ಸಾಹೇಬರು ಮರದ ನೆರಳು ಬಿಟ್ಟು ದಾಪುಗಾಲಲ್ಲಿ ಬಂದರು. ನಿನ್ನನ್ನೂ ನಿನ್ನ ಗಂಡನನ್ನೂ ಯಾವ ರಸ್ತೆಯಲ್ಲೂ ದುಡಿಯಲು ಬಿಡುವುದಿಲ್ಲವೆಂದರು. ಬಾಯಿಗೆ ಬಂದದ್ದೆಲ್ಲ ಅಂದರು. ಅತ್ತಿಗೆ ತಲೆಯೆತ್ತಲಿಲ್ಲ. ಗೆರೆ ರಕ್ತದ ಕಲೆಯವರೆಗೆ ಬಂದಿತ್ತು. ಅಲ್ಲಿ ಸೊಟ್ಟಗಾಗದಂತೆ ಉಸಿರು ಬಿಗಿಹಿಡಿದು ಎಳೆದಳು.

ಸಾಹೇಬರು ಗೆರೆಯನ್ನು ಕೆಡಿಸಲು ಕಾಲೆತ್ತಿದರು.

“ಹಸಿ ಇದೆ. ತುಳೀಬೇಡಿ,” ಎಂದಳು ಅತ್ತಿಗೆ. “ಗುರುತು ಉಳಿಯುತ್ತೆ.”

ಬಸ್ಸಿನ ಜನರೆಲ್ಲ ಆ ಬೂಟನ್ನೇ ನೋಡುತ್ತಿದ್ದರು. ಬೂಟು ಗಾಳಿಯಲ್ಲೇ ನಿಂತಿತು.