ಹಿಂದಕ್ಕೆ ತಿರುಗಿದ ಅಲೆ

ಸಾಂತಾ ಯುಲಾಲಿಯಾ ಊರಿನ ಚೌಕಕ್ಕೆ ಹಾಸಿದ ಹನ್ನೊಂದು ಲಕ್ಷ ಕಲ್ಲುಗಳನ್ನು ಜೆನೆಜಿಯೊ ಒಬ್ಬನೇ, ಒಂದೇ ಮಧ್ಯಾಹ್ನದಲ್ಲಿ ಹಾಸಿ ಮುಗಿಸಿದ್ದ. ನಡುವೆ ಊಟಕ್ಕೆ ಹೋಗಿ ಒಂದು ನಿದ್ದೆಯನ್ನೂ ತೆಗೆದು ಬಂದಿದ್ದ. ಅವನ ಸುತ್ತಿಗೆಯ ಸದ್ದಿಗೆ ಗಡಿಯಾಚೆ ಅರ್ಜೆಂಟೀನಾದ ಹಸುಗಳು ಮೂರು ದಿನ ಹಾಲು ಕೊಟ್ಟಿರಲಿಲ್ಲ. ನಂಬದವರು ಅವನನ್ನೇ ಕೇಳಬಹುದಿತ್ತು. ಕೇಳದವರಿಗೂ ಅವನು ಹೇಳುತ್ತಿದ್ದ.

"ಒಂದ್ ಕಲ್ಲು ತಪ್ಪಿದ್ರೆ ತೋರ್ಸ್ರೋ ನೋಡೋಣ!" ಎಂದು ಈಗಲೂ, ಕೇರಿಯವರು ಸೇರಿದ್ದ ತೊಗಲು ಗೋದಾಮಿನ ನಡುವೆ ನಿಂತು ಗುಡುಗುತ್ತಿದ್ದ.

"ಮಾಮ, ಆ ಬುರುಡೆ ಈಕಡೆ ಕೊಡಿ, ಇನ್ನೊಂದು ಬಿಡ್ಬೇಡಿ" ಎಂದು ಸೋದರಸೊಸೆ ಇವೋನಿ ಅವನ ಕೈಯಿಂದ ಮಾಟೆ ಎಲೆ ಕಷಾಯದ ಸೋರೆಬುರುಡೆಯನ್ನು ಕಿತ್ತುಕೊಂಡು ಹೀರಿದಳು. ಅವಳು ಬಸ್ ಓಡಿಸುವವಳು. ಈ ವರ್ಷ ತೊಗಲುಕೇರಿ ತಂಡದ ನಾಯಕಿ.

ಅಂದು ಜಿಂಕಾನದ ಎರಡನೆಯ ದಿನ. ವರ್ಷಕ್ಕೊಮ್ಮೆ ಊರು ಎರಡು ತಂಡವಾಗಿ, ಒಗಟು ಬಿಡಿಸಿ, ಊರಿನ ಹಳೆಯದನ್ನೆಲ್ಲ ಹುಡುಕಿ ತರುವ ಆಟ. ಈ ಸಲದ ವಿಷಯ 'ಊರು ಕಟ್ಟಿದ ಕೈಗಳು'. ಹದಿನಾಲ್ಕು ವರ್ಷ ಗುಡ್ಡದ ಮೇಲಿನವರಿಗೆ ಸೋತ ತೊಗಲುಕೇರಿ ಈ ಸಲ ಸರಿಸಮ ನಿಂತಿತ್ತು. ಅದಕ್ಕೆ ಕಾರಣ ಜೆನೆಜಿಯೊ. ಸೆರೆಮನೆಯ ಹಿಂಗೋಡೆಯಲ್ಲಿ ಗುಲಾಮನೊಬ್ಬ ಹಸಿ ಇಟ್ಟಿಗೆಯ ಮೇಲೆ ಬಿಟ್ಟುಹೋದ ಹೆಬ್ಬೆರಳ ಗುರುತನ್ನು ಅವನು ಕಣ್ಣು ಮುಚ್ಚಿಕೊಂಡು ಮುಟ್ಟಿ ತೋರಿಸಿದ್ದ. ಊರಿನ ಮೊದಲ ಬಾವುಟ ಯಾರ ಪೆಟ್ಟಿಗೆಯಲ್ಲಿದೆ ಎಂಬುದನ್ನು ಸುಳಿವು ಓದಿ ಮುಗಿಸುವ ಮೊದಲೇ ಕೂಗಿದ್ದ. ಉಳಿದದ್ದು ಕೊನೆಯ ಒಗಟು, ಆರರವರೆಗೆ ಒಂದು ಗಂಟೆ ಸಮಯ.

ಇವೋನಿ ಚೀಟಿ ಬಿಚ್ಚಿ ಓದಿದಳು: "ಸಾವಿರ ಮುಂದಕ್ಕೆ ಹೋಗುತ್ತವೆ, ಒಂದು ಹಿಂದಕ್ಕೆ. ದಿನವೂ ತುಳಿಯುತ್ತೀರಿ, ನೋಡುವುದಿಲ್ಲ. ಅದನ್ನು ತಿರುಗಿಸಿದವನನ್ನು ಕರೆತನ್ನಿ."

"ಹೊಲಿಗೆ ಮೆಷಿನ್ನು!" ಎಂದರೊಬ್ಬರು. "ಸೈಕಲ್ ಕಣ್ರೀ" ಎಂದರಿನ್ನೊಬ್ಬರು. ಎಲ್ಲರೂ ಜೆನೆಜಿಯೊನ ಕಡೆ ತಿರುಗಿದರು.

"ದೋಣಿಕಟ್ಟೆ" ಎಂದ ಜೆನೆಜಿಯೊ. ಇಡೀ ತಂಡ ಹೊಳೆಯ ಕಡೆ ಓಡಿತು.

ಅವನಿಗೆ ಉತ್ತರ ಮೊದಲ ಸಾಲಿಗೇ ಗೊತ್ತಾಗಿತ್ತು. ಚೌಕದ ಕಾರಂಜಿಯ ಹಿಂದೆ, ಕಪ್ಪು ಬಿಳುಪು ಕಲ್ಲಿನ ಅಲೆಗಳ ಸಾಲಿನಲ್ಲಿ, ಒಂದೇ ಒಂದು ಅಲೆ ಮೂತಿ ತಿರುಗಿಸಿಕೊಂಡಿತ್ತು. ಐವತ್ತೆರಡು ವರ್ಷಗಳಿಂದ ಗುಂಪಿನ ಫೋಟೊ ತೆಗೆಯುವಾಗೆಲ್ಲ ಅವನು ಸರಿಯಾಗಿ ಅದರ ಮೇಲೆಯೇ ನಿಲ್ಲುತ್ತಿದ್ದ. ಈಗ ಕೇರಿ ಗೆಲ್ಲಬೇಕಾದರೆ ಅವನು ಅಲ್ಲಿಂದ ಕಾಲು ತೆಗೆಯಬೇಕಿತ್ತು.

ಇವೋನಿ ಓಡಿರಲಿಲ್ಲ.

"ಮಾಮ, ದೋಣಿಕಟ್ಟೇಲಿ ಏನಿದೆ?"

"ಇದೆ."

"ಪಾದ್ರಿ ಸತ್ತಾಗ್ಲೂ ಒಂದ್ ಗಂಟೆ ಮಾತಾಡಿದ್ರಿ. ಸ್ವರ್ಗದ ಬಾಗ್ಲಿಗೆ ಮೆಟ್ಲು ಹಾಕಿದ್ದೇ ನೀವು ಅಂದ್ರಿ. ಇವತ್ತು ಒಂದೇ ಮಾತಿಗೆ ಮುಗೀತಾ?"

"ಗಂಟ್ಲು ಕಟ್ಟಿದೆ ಕಣೇ" ಎಂದು ಅವನು ತೊಗಲಿನ ಮೂಟೆಯೊಂದರ ಮೇಲೆ ಕುಳಿತ.

"ನಿಮ್ ಗಂಟ್ಲು ಪ್ರವಾಹ ಬಂದಾಗ್ಲೂ ಕಟ್ಲಿಲ್ಲ." ಅವಳು ಅವನ ಎದುರು ಕುಕ್ಕರಗಾಲಿನಲ್ಲಿ ಕುಳಿತಳು. "ಗೊತ್ತು, ಅಲ್ವಾ?"

ಅವನು ತನ್ನ ಕೈಗಳನ್ನು ನೋಡಿಕೊಂಡ. ಆಮೇಲೆ ಎದ್ದು ಟೋಪಿ ಹಾಕಿಕೊಂಡ.

ಆರಕ್ಕೆ ಹತ್ತು ನಿಮಿಷವಿದ್ದಾಗ ಚೌಕದಲ್ಲಿ ಎರಡೂ ತಂಡಗಳು ಡೋಲು ಬಾರಿಸುತ್ತ ನೆರೆದಿದ್ದವು. ಗುಡ್ಡದ ಮೇಲಿನವರು ಹಳೆಯ ಗಡಿಯಾರ ರಿಪೇರಿಯವನೊಬ್ಬನನ್ನು ಎತ್ತಿಕೊಂಡು ಬಂದು ಆಗಲೇ ಅಂಕ ಕಳೆದುಕೊಂಡಿದ್ದರು. ಜೆನೆಜಿಯೊ ಕಾರಂಜಿಯ ಹಿಂದೆ ತನ್ನ ಮಾಮೂಲಿ ಜಾಗದಲ್ಲಿ ಹೋಗಿ ನಿಂತು, "ತಿರುಗಿಸಿದವನು ನಾನೇ" ಎಂದ. ತೀರ್ಪುಗಾರ್ತಿ ದೋನಾ ಎರ್ಮಿಂದಾ, ನಿವೃತ್ತ ಶಾಲೆ ಮೇಡಮ್ಮು, ಮೈಕು ಹಿಡಿದು ಕನ್ನಡಕದ ಮೇಲಿಂದ ನೋಡಿದರು.

"ಜೆನೆಜಿಯೊ ಅವರೇ, ಈ ನೆಲದಲ್ಲಿ ಒಂದೂ ತಪ್ಪಿಲ್ಲ ಅಂತ ನನ್ನ ಮಕ್ಕಳಿಗೆ ನೀವೇ ಅಲ್ವೇ ಪಾಠ ಹೇಳಿದ್ದು? ಒಬ್ರೇ ಹಾಸಿದ್ದು ಅಂತಲೂ."

ಜನ ಗೊಳ್ಳೆಂದರು. ಜೆನೆಜಿಯೊ ಕಾಲನ್ನು ಪಕ್ಕಕ್ಕೆ ಸರಿಸಿದ. ಅಲೆ ಬಿಸಿಲಿಗೆ ಬಂತು.

"ಸುಳ್ಳು ಹೇಳಿದ್ದೆ, ಮೇಡಂ. ಐದು ಜನ. ಎಂಟು ತಿಂಗಳು."

"ಹೆಸರು ಹೇಳಿ."

"ಮೇಸ್ತ್ರಿ ತಿಬುರ್ಸಿಯೊ. ಲೌರಿಂದೊ. ಇಬ್ಬರು ಅಣ್ತಮ್ಮಂದಿರು, ದಾರ್ಸಿ, ನೆರಿ. ನಾನು ಕೊನೇವನು." ಅವನ ದನಿ ಏರಿತು. "ಅವರಂಥ ಕೆಲಸಗಾರರು ಈ ಹೊಳೆಯ ಎರಡೂ ದಡದಲ್ಲಿ ಇರ್ಲಿಲ್ಲ. ಇದು ಮಾತ್ರ ಸುಳ್ಳಲ್ಲ."

ದೋನಾ ಎರ್ಮಿಂದಾ ಲಕೋಟೆಯಿಂದ ತೆಗೆದ, ಚೌಕದ ಕೆಲಸಗಾರರ ಹಳೆಯ ಹಾಜರಿ ಪಟ್ಟಿಯ ಮೇಲೆ ಬೆರಳಾಡಿಸುತ್ತಿದ್ದರು. ಬೆರಳು ಐದನೆಯ ಹೆಸರಿನಲ್ಲಿ ನಿಂತಿತು. "ಸರಿ" ಎಂದರು. ತೊಗಲುಕೇರಿ ಹದಿನಾಲ್ಕು ವರ್ಷದ ಕೂಗನ್ನು ಒಂದೇ ಸಲಕ್ಕೆ ಕೂಗಿತು. ಇವೋನಿ ಅಳುತ್ತಲೇ ಡೋಲು ಬಡಿದಳು.

"ಆದ್ರೆ ಇದ್ಯಾಕ್ರೀ ತಿರುಗ್ತು?" ಸದ್ದಡಗಿದ ಮೇಲೆ ದೋನಾ ಎರ್ಮಿಂದಾ ಕೇಳಿದರು.

ಜೆನೆಜಿಯೊ ಬಾಯಿ ತೆರೆದ. ಪ್ರವಾಹ, ಪುರಸಭೆ ಅಧ್ಯಕ್ಷ, ಒಂದು ಸಿಡಿಲು ನಾಲಿಗೆಯ ತುದಿಯಲ್ಲೇ ಸಾಲುಗಟ್ಟಿದ್ದವು. ನುಂಗಿಕೊಂಡ.

"ಅಲೆಯ ಮರದಚ್ಚು ನನ್ನ ಕೈಲಿತ್ತು. ಹಿಂದಿನ ದಿನ ಹಿಡಿದ ಮೀನು ಎಷ್ಟುದ್ದ ಇತ್ತು ಅಂತ ಕೈ ಅಗಲಿಸಿ ಅವರಿಗೆ ತೋರಿಸ್ತಿದ್ದೆ. ಅಚ್ಚು ಮಗುಚಿ ಬಿತ್ತು. ನೋಡದೆ ಹಂಗೇ ಕಲ್ಲು ಕೂರಿಸ್ದೆ. ಮೇಸ್ತ್ರಿ ನಕ್ಕು, ಇರ್ಲಿ ಬಿಡು ಅಂದ್ರು."

"ಎಷ್ಟುದ್ದ ಇತ್ತು ಮೀನು?" ಗುಂಪಿನ ಹಿಂದಿನಿಂದ ಯಾರೋ ಕೂಗಿದರು.

ಜೆನೆಜಿಯೊ ಎರಡೂ ತೋಳುಗಳನ್ನು ಚೌಕದಗಲಕ್ಕೆ ಚಾಚಿದ. ಯಾರೂ ನಗಲಿಲ್ಲ, ಎಲ್ಲರೂ ಕಾದರು. ಕೈಗಳು ನಿಧಾನವಾಗಿ ಹತ್ತಿರ ಬರತೊಡಗಿದವು, ಎದೆಯಗಲಕ್ಕೆ, ಮೊಳಕ್ಕೆ, ಇನ್ನೂ ಒಳಕ್ಕೆ. ಒಂದು ಗೇಣಿಗೆ ಬಂದು ನಿಂತವು.