ಹಸಿರು ಗುರುತು ಬಂತು, ಬರೆದದ್ದು ಬರಲಿಲ್ಲ

ಸೋಮವಾರ ಬೆಳಿಗ್ಗೆ ಆರೂವರೆಗೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ನ್ಯೂ ಬ್ರನ್ಸ್‌ವಿಕ್‌ನ ಈ ಕಡಲಂಚಿನಲ್ಲಿ ಜೂನ್ ಗಾಳಿಗೆ ಒಂದು ಕ್ಲಿಪ್ಪು ಸಾಲದು. ಎರಡೆರಡು ಹಾಕದಿದ್ದರೆ ಅಂಗಿಗಳು ಹಾರಿಹೋಗಿ ಪಕ್ಕದ ಮನೆಯ ಲಾಬ್‌ಸ್ಟರ್ ಸಿಗಡಿ ಹಿಡಿಯುವ ಬೋನುಗಳ ಮೇಲೆ ಕೂರುತ್ತವೆ.

ಮೆಲಿನ್ ಕ್ಲಿಪ್ಪಿನ ಬುಟ್ಟಿ ಹಿಡಿದು ನಿಂತಿದ್ದಳು. ಎಂಟು ವರ್ಷದ ಹುಡುಗಿ, ನನ್ನ ಚಿಕ್ಕಪ್ಪನ ಮಗ ರೆಯಾಲ್‌ನ ಮಗಳು. ರೆಯಾಲ್ ಮೀನು ಹಿಡಿಯಲು ನಾಲ್ಕು ಗಂಟೆಗೇ ದೋಣಿ ಬಿಡುತ್ತಾನೆ. ಅವನ ಹೆಂಡತಿ ಏಡಿ ಕಾರ್ಖಾನೆಗೆ ಹೋಗುವಾಗ ಇವಳನ್ನು ನಮ್ಮ ಮನೆಯಲ್ಲಿ ಬಿಡುತ್ತಾಳೆ. ಶಾಲೆಯ ಬಸ್ಸು ಬರುವವರೆಗೆ ಇವಳೂ ನನ್ನ ಮಗ ಜೋಯೆಲನೂ ನನ್ನ ಹಿಂದೆ ಮುಂದೆ ಸುತ್ತುತ್ತಿರುತ್ತಾರೆ.

ಅವತ್ತು ಜೋಯೆಲ್ ಇನ್ನೂ ಎದ್ದಿರಲಿಲ್ಲ. ಮೆಲಿನ್ ಎರಡು ಸಲ ಬಾಯಿ ತೆರೆದು ಮುಚ್ಚಿದಳು. ಏನು ಪುಟ್ಟಿ ಎಂದರೆ ಏನಿಲ್ಲ ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಅತ್ತೆ, ದ್ವೀಪಕ್ಕೆ ನೀನೂ ಬರ್ತೀಯಾ?"

"ಇಲ್ಲಮ್ಮ. ಕೊರಿನ್ ಟೀಚರ್ ಬರ್ತಾರಲ್ಲ."

ಗುರುವಾರ ಮೂರನೇ ತರಗತಿಯ ಇಪ್ಪತ್ಮೂರು ಮಕ್ಕಳು ದೀಪಸ್ತಂಭದ ದ್ವೀಪಕ್ಕೆ ಹೋಗಿ ಒಂದು ರಾತ್ರಿ ಡೇರೆಯಲ್ಲಿ ಮಲಗಬೇಕಿತ್ತು. ಉಳಿದ ಮಕ್ಕಳದೆಲ್ಲ ತಿಂಗಳಿಂದ ಅದೇ ಮಾತು. ಇವಳೊಬ್ಬಳ ಬಾಯಲ್ಲಿ ಅದು ಬಂದಿರಲಿಲ್ಲ.

ಯಾಕೆಂದು ನನಗೆ ಹೊಳೆಯಿತು. ಹೋದ ಆಗಸ್ಟ್‌ನಲ್ಲಿ ಮೆಲಿನ್‌ಗೆ ಜೇನುಹುಳ ಕಚ್ಚಿತ್ತು. ಹತ್ತು ನಿಮಿಷದಲ್ಲಿ ತುಟಿ ಊದಿ ಉಸಿರು ಸಿಕ್ಕಿಕೊಂಡಿತು. ಆಂಬುಲೆನ್ಸ್ ಬೇಗ ಬಂದದ್ದರಿಂದ ಮಗು ಉಳಿಯಿತು. ಅಂದಿನಿಂದ ಪೆನ್ನಿನ ಆಕಾರದ ಒಂದು ಸೂಜಿಮದ್ದು ಸದಾ ಅವಳ ಜೊತೆಗಿರುತ್ತದೆ. ಕಚ್ಚಿದ ಕೂಡಲೇ ಅದನ್ನು ತೊಡೆಗೆ ಒತ್ತಿ ಚುಚ್ಚಬೇಕು. ದ್ವೀಪದಿಂದ ದಡಕ್ಕೆ ದೋಣಿಯಲ್ಲಿ ನಲವತ್ತು ನಿಮಿಷ.

ಅವಳಿಗೆ ಧೈರ್ಯ ಹೇಳಿದೆ. ನಿನ್ನಪ್ಪ ಪ್ರವಾಸದ ಫಾರಂನಲ್ಲಿ ಎಲ್ಲ ಬರೆದಿರ್ತಾನೆ, ಬಾ ತೋರಿಸ್ತೀನಿ ಎಂದು ಒದ್ದೆ ಬಟ್ಟೆ ಬುಟ್ಟಿಯಲ್ಲೇ ಬಿಟ್ಟು ಒಳಗೆ ಕರೆದುಕೊಂಡು ಹೋದೆ.

ಆ ಫಾರಂ ಮಾಡಿದ್ದು ನಾನೇ. ಹಿಂದಿನ ವರ್ಷ ಕಾಗದದ ಫಾರಂ ಹಂಚಿದ್ದೆವು. ಅರ್ಧ ಮಕ್ಕಳ ಚೀಲದಲ್ಲಿ ಬಾಳೆಹಣ್ಣಿನ ಜೊತೆ ಕಲಸಿಹೋದವು. ಅದಕ್ಕೆ ಈ ಸಲ ಪಾಲಕರ ಸಂಘದವರು ಫೋನಿನಲ್ಲೇ ತುಂಬುವ ಫಾರಂ ಮಾಡಿಕೊಡು ಎಂದರು. ಅದಕ್ಕೆಂದೇ ಇರುವ ತಂತ್ರಾಂಶದಲ್ಲಿ ಪ್ರಶ್ನೆ ಜೋಡಿಸಿದೆ. 'ಮಗುವಿಗೆ ಔಷಧಿ ಬೇಕೇ' ಎಂಬ ಪ್ರಶ್ನೆಗೆ 'ಹೌದು' ಒತ್ತಿದರೆ ಕೆಳಗೆ ಬರೆಯಲು ಜಾಗ ತೆರೆಯಬೇಕು, 'ಇಲ್ಲ' ಎಂದರೆ ಆ ಜಾಗ ಕಾಣಿಸಬಾರದು. ಎಷ್ಟು ಚೊಕ್ಕವಾಗಿದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ಪಾಲಕರಿಂದ ಬಂದ ಉತ್ತರಗಳ ಪಟ್ಟಿ ತೆರೆದು ಮೆಲಿನ್‌ಳ ಸಾಲು ನೋಡಿದೆ. ಔಷಧಿ ಬೇಕೇ: ಇಲ್ಲ. ಅದರ ಪಕ್ಕದ ಜಾಗ ಖಾಲಿ.

ಮೆಲಿನ್‌ಗೆ ಓದಲು ಬರುತ್ತದೆ. ಅವಳೂ ಆ ಸಾಲು ಓದಿದಳು.

ಮಕ್ಕಳು ಬಸ್ಸು ಹತ್ತಿದ ಮೇಲೆ ರೆಯಾಲ್‌ಗೆ ಫೋನು ಮಾಡಿದೆ. ದಡದ ಹತ್ತಿರ ಬಂದಾಗ ಮಾತ್ರ ಅವನಿಗೆ ಸಿಗ್ನಲ್ ಸಿಗುತ್ತದೆ. ನಾಲ್ಕನೇ ಸಲಕ್ಕೆ ಎತ್ತಿದ. ಎಂಜಿನ್ ಸದ್ದಿನ ನಡುವೆ ನಾನು ಬೈದೆ, ಅವನೂ ಬೈದ. ತಾನು ಬರೆದಿದ್ದೇನೆ ಎಂದ. ಯಾವ ಸೂಜಿ, ಎಲ್ಲಿ ಚುಚ್ಚಬೇಕು, ಯಾರಿಗೆ ಫೋನು ಮಾಡಬೇಕು, ಎಲ್ಲವನ್ನೂ ಮೀನಿನ ವಾಸನೆಯ ಬೆರಳಲ್ಲಿ ಹನ್ನೊಂದು ಸಾಲು ಕುಟ್ಟಿದ್ದೇನೆ ಎಂದ.

"ಮತ್ತೆ 'ಇಲ್ಲ' ಅಂತ ಯಾಕೋ ಒತ್ತಿದೆ?"

"ಡಾಕ್ಟರ್ ಚೀಟಿ ಫೋಟೋ ಹಾಕು ಅಂತ ಹಟ ಹಿಡೀತು ಕಣಕ್ಕ ನಿನ್ನ ಫಾರಂ. ಚೀಟಿ ಮನೇಲಿ, ನಾನು ದೋಣಿ ಕಟ್ಟೋ ಧಕ್ಕೇಲಿ. ಹಾಕ್ದೆ ಇದ್ರೆ ಮುಂದಕ್ಕೆ ಬಿಡಲ್ಲ ಅಂತು. 'ಇಲ್ಲ' ಒತ್ತಿದೆ, ಬಿಡ್ತು. ಹಸಿರು ಗುರುತೂ ಬಂತು. ಬರ್ದಿದ್ದು ಒಳಗಡೆ ಇರುತ್ತಲ್ಲ ಅಂದ್ಕೊಂಡೆ."

ನನ್ನ ಕೋಪ ಅಲ್ಲೇ ಇಳಿಯಿತು. ಇಡೀ ಭಾಗವನ್ನು ಕಡ್ಡಾಯ ಎಂದು ಗುರುತು ಹಾಕಿದವಳು ನಾನು. ಚೀಟಿ ಕೈಯಲ್ಲಿಲ್ಲದವನು ಏನು ಮಾಡಬೇಕು ಎಂದು ಯೋಚಿಸಿರಲಿಲ್ಲ.

ಗ್ರಂಥಾಲಯದ ಜೋಸೆಟ್ ಅವರ ಹತ್ತಿರ ಓಡಿದೆ. ಅರವತ್ತು ದಾಟಿದ ಹೆಂಗಸು. ಊರಿನ ಲಸಿಕೆ ಶಿಬಿರದಿಂದ ಹಿಡಿದು ಚರ್ಚಿನ ಕೋಳಿ ಸಾರಿನ ಊಟದವರೆಗೆ ಎಲ್ಲದಕ್ಕೂ ಫಾರಂ ಮಾಡಿಕೊಟ್ಟವರು. ತಂತ್ರಾಂಶ ಕೆಟ್ಟಿದೆ, ಗುರುವಾರ ಹತ್ತಿರ ಬಂತು, ಸುಮ್ಮನೆ ಕಾಗದಕ್ಕೇ ಹೋಗೋಣ ಎಂದೆ. ಅವರು ಕನ್ನಡಕ ಏರಿಸಿ, ಹೋದ ವರ್ಷದ ಕಾಗದ ಎಲ್ಲಿದೆ ತೋರಿಸು ಎಂದರು. ಬಾಳೆಹಣ್ಣು ನೆನಪಾಯಿತು.

ಅವರು ತಮ್ಮ ಫೋನಿನಲ್ಲಿ ನನ್ನ ಫಾರಂ ತೆರೆದರು. 'ಹೌದು' ಒತ್ತಿ ಎರಡು ಸಾಲು ಬರೆದರು, 'ಇಲ್ಲ'ಕ್ಕೆ ಬದಲಿಸಿದರು, ಬರೆದದ್ದು ಮರೆಯಾಯಿತು. ಮತ್ತೆ 'ಹೌದು' ಒತ್ತಿದರು. ಎರಡೂ ಸಾಲು ಹಾಗೆಯೇ ಇದ್ದವು.

"ನೋಡಿ, ಇದೆಯಲ್ಲ," ಎಂದೆ.

"ಪರದೆ ಮೇಲಿದೆ. ನಿನ್ನ ತಮ್ಮ ಮೋಸ ಹೋಗಿದ್ದು ಇಲ್ಲೇ." ಈ ಸಲ 'ಇಲ್ಲ' ಎಂದು ಬದಲಿಸಿ ಕಳುಹಿಸಿದರು. ನನ್ನ ಪಟ್ಟಿಯಲ್ಲಿ ಬಂದದ್ದು 'ಇಲ್ಲ' ಒಂದೇ. "ಕಳಿಸೋ ಹೊತ್ತಿಗೆ ಮುಚ್ಚಿರೋ ಜಾಗದಲ್ಲಿ ಏನಿದ್ರೂ ಇದು ಬಿಟ್ಟು ಹೋಗುತ್ತೆ ಮಗಳೇ. ಅದು ಇದರ ಸ್ವಭಾವ. ಹಸಿರು ಗುರುತು ಅಂದ್ರೆ ಫಾರಂ ಹೋಯ್ತು ಅಂತ ಅಷ್ಟೇ. ನೀನು ಬರೆದಿದ್ದು ಹೋಯ್ತು ಅಂತಲ್ಲ."

ನಾನು ಕಳುಹಿಸುವ ಮೊದಲು ತುಂಬಿ ನೋಡಿದ್ದೆ ಎಂದು ವಾದಿಸಿದೆ. ಯಾರ ಹೆಸರಲ್ಲಿ ತುಂಬಿದೆ ಎಂದು ಕೇಳಿದರು. ಜೋಯೆಲ್ ಹೆಸರಲ್ಲಿ, ಎಲ್ಲದಕ್ಕೂ 'ಇಲ್ಲ', ಎರಡೇ ನಿಮಿಷದಲ್ಲಿ ಮುಗಿಯಿತು ಎಂದೆ. ಜೋಸೆಟ್ ನಕ್ಕರು.

"ನಿನ್ನ ಮಗ ಗುಂಡುಕಲ್ಲು. ಅವನಿಗೆ ಫಾರಂ ಯಾಕೆ ಬೇಕು? ಕಷ್ಟ ಇರೋ ಮಗುವಿನ ಅಪ್ಪ ಆಗಿ ತುಂಬು, ಕೈಯಲ್ಲಿ ಚೀಟಿ ಇಲ್ದೆ, ಗಾಳೀಲಿ ನಿಂತ್ಕೊಂಡು, ಚಿಕ್ಕ ಫೋನಲ್ಲಿ."

ಇಬ್ಬರೂ ಕೂತು ಸರಿಮಾಡಿದೆವು. ಔಷಧಿಯ ಪ್ರಶ್ನೆ ಅಳಿಸಲು ನಾನು ಕೈ ಹಾಕಿದಾಗ ಅವರು ಮಣಿಕಟ್ಟು ಹಿಡಿದರು. ಈ ತಂತ್ರಾಂಶದಲ್ಲಿ ಪ್ರಶ್ನೆ ಅಳಿಸಿದರೆ ಅದರಡಿ ಈಗಾಗಲೇ ಬಂದ ಉತ್ತರವೂ ಅಳಿಸುತ್ತದಂತೆ. ಮೊದಲು ಪಟ್ಟಿಯ ಪ್ರತಿ ಇಳಿಸಿಕೊಂಡೆವು. ತೆರೆದು ಮುಚ್ಚುವ ಆಟ ತೆಗೆದೆವು. 'ನಿಮ್ಮ ಮಗುವಿನ ಆರೋಗ್ಯದ ಬಗ್ಗೆ ನಮಗೆ ಗೊತ್ತಿರಬೇಕಾದದ್ದು ಏನು? ಏನೂ ಇಲ್ಲದಿದ್ದರೆ ಹಾಗೆಂದು ಬರೆಯಿರಿ' ಎಂದು ಎಲ್ಲರಿಗೂ ಕಾಣುವ ಹಾಗೆ ಜಾಗ ಬಿಟ್ಟೆವು. ಡಾಕ್ಟರ್ ಚೀಟಿಯ ಕಡ್ಡಾಯ ತೆಗೆದು, ಬುಧವಾರದ ಒಳಗೆ ಕೈಯಲ್ಲಿ ತಂದುಕೊಟ್ಟರೂ ಸಾಕು ಎಂದು ಕೆಳಗೇ ಬರೆದೆವು. ಕಳುಹಿಸಿದ ಕೂಡಲೇ ನಮಗೆ ಏನು ತಲುಪಿತೋ ಅದರ ಪ್ರತಿ ಪಾಲಕರಿಗೆ ಹೋಗುವ ಹಾಗೆ ಮಾಡಿದೆವು.

ಹೊಸ ಫಾರಂ ಕಳುಹಿಸಿ ಎಲ್ಲ ಮನೆಗೂ ಫೋನು ಮಾಡಿದೆ. ಒಲೆಯ ಮೇಲೆ ಒಂದು ಕಣ್ಣು, ಕಿವಿಯಲ್ಲಿ ಫೋನು. ಇನ್ನೂ ಇಬ್ಬರು ರೆಯಾಲ್ ಹಾಗೆಯೇ ಮಾಡಿದ್ದರು. ಒಬ್ಬ ಹುಡುಗನಿಗೆ ಉಬ್ಬಸದ ಪಂಪು, ಇನ್ನೊಬ್ಬಳಿಗೆ ರಾತ್ರಿಯ ಮಾತ್ರೆ. ಒಬ್ಬ ತಾಯಿಯಂತೂ ಚೀಟಿಯ ಬದಲು ತನ್ನ ಬೆಕ್ಕಿನ ಫೋಟೋ ಹಾಕಿ ದಾಟಿಕೊಂಡಿದ್ದಳು. ಯಾಕೆ ಎಂದರೆ, "ಅದು ಏನೋ ಒಂದು ಫೋಟೋ ಕೇಳ್ತು, ಕೊಟ್ಟೆ," ಎಂದಳು.

ರೆಯಾಲ್ ಮಾತ್ರ ಜಗ್ಗಲಿಲ್ಲ. ಇನ್ನು ಆ ಯಂತ್ರವನ್ನು ನಂಬುವುದಿಲ್ಲ, ಮಗಳನ್ನು ಕಳಿಸುವುದೂ ಇಲ್ಲ ಎಂದ. ತಪ್ಪು ನನ್ನದು, ನಿನ್ನದಲ್ಲ ಎಂದು ಒಪ್ಪಿಕೊಂಡೆ. ಮಂಗಳವಾರ ಸಂಜೆ ನಮ್ಮ ಅಡುಗೆಮನೆಯಲ್ಲೇ ಕೂರಿಸಿ ಮತ್ತೆ ತುಂಬಿಸಿದೆ. ಅವನ ಫೋನಿಗೆ ಪ್ರತಿ ಬಂತು. ಹನ್ನೊಂದು ಸಾಲನ್ನೂ ಬೆರಳಿಟ್ಟು ಓದಿದ. "ಈಗ ಸರಿ ಅಕ್ಕ. ಹೋಗ್ಲಿ," ಎಂದ.

ನೀವೂ ಒಂದು ದಿನ ಫಾರಂ ಮಾಡುತ್ತೀರಿ. ಸಂಘದ್ದೋ, ಶಾಲೆಯದ್ದೋ, ಶಿಬಿರದ್ದೋ. ದಯವಿಟ್ಟು ಅದನ್ನು ಎಲ್ಲರಿಗೂ ಕಳುಹಿಸುವ ಮೊದಲು, ಉತ್ತರ ಸುಲಭವಿಲ್ಲದ ಒಬ್ಬರಾಗಿ ಕೂತು ತುಂಬಿರಿ. 'ಹೌದು' ಎಂದು ಬರೆದು 'ಇಲ್ಲ' ಎಂದು ಬದಲಿಸಿ ನೋಡಿ. ಕಡ್ಡಾಯದ ಗುರುತು ಹಾಕುವಾಗ, ಇಲ್ಲದವರು ಏನು ಮಾಡಲಿ ಎಂದು ಅದರ ಪಕ್ಕದಲ್ಲೇ ಬರೆಯಿರಿ. ತುಂಬುವವರು ನೀವಾದರೆ, ಹಸಿರು ಗುರುತು ಕಂಡು ಫೋನು ಜೇಬಿಗೆ ಹಾಕಬೇಡಿ. ಅಲ್ಲಿಗೆ ಏನು ತಲುಪಿತು ಎಂದು ಕೇಳಿ. ಮುಂದಕ್ಕೆ ಬಿಡದಿದ್ದರೆ ಸುಳ್ಳು ಒತ್ತಬೇಡಿ, ಮಾಡಿದವರಿಗೆ ಒಂದು ಫೋನು ಮಾಡಿ. ಅವರಿಗೆ ಬೇಸರವಾಗುವುದಿಲ್ಲ. ನನಗಂತೂ ಆಗುತ್ತಿರಲಿಲ್ಲ.

ಆಮೇಲೆ, ಆ ಫಾರಂ ಯಾರ ಸಲುವಾಗಿ ಇದೆಯೋ ಅವರನ್ನು ಒಂದು ಮಾತು ಕೇಳಿ. ಇದನ್ನು ನಾನು ಕಲಿತದ್ದು ಬುಧವಾರ ಮಧ್ಯಾಹ್ನ, ಶಾಲೆಯಲ್ಲಿ ಪಾಲಕರು ಮಕ್ಕಳು ಸೇರಿದಾಗ. ಕೊರಿನ್ ಟೀಚರ್ ಅಚ್ಚುಹಾಕಿಸಿದ ಪಟ್ಟಿ ಹಿಡಿದಿದ್ದರು. ಪ್ರತಿ ಮನೆಯವರನ್ನೂ ಹತ್ತಿರ ಕರೆದು ಅವರ ಸಾಲು ತೋರಿಸಿದರು. ರೆಯಾಲ್ ಧಕ್ಕೆಯಿಂದ ನೇರ ಬಂದಿದ್ದ, ಚೀಟಿಯನ್ನೂ ತಂದಿದ್ದ. ಎಲ್ಲ ಸರಿಯಾಗಿತ್ತು. ನನ್ನ ಕೆಲಸ ಮುಗಿಯಿತು ಎಂದುಕೊಂಡೆ. ಇನ್ನೇನಾದರೂ ಕೇಳುವುದಿದೆಯೇ ಎಂದು ಟೀಚರ್ ಕೇಳಿದರು. ಒಬ್ಬರು ರಬ್ಬರ್ ಬೂಟಿನ ಬಗ್ಗೆ ಕೇಳಿದರು, ಇನ್ನೊಬ್ಬರು ಮಳೆ ಬಂದರೆ ಎಂದರು. ಕುರ್ಚಿಗಳು ಸರಿಯುವ ಸದ್ದು ಶುರುವಾಗಿತ್ತು.

ಆಗ ಮೆಲಿನ್ ಅಪ್ಪನ ತೋಳು ಬಿಟ್ಟು ಎದ್ದು ನಿಂತಳು. ಕಿವಿ ಕೆಂಪಾಗಿತ್ತು. ಆದರೂ ಎಲ್ಲರಿಗೂ ಕೇಳುವ ಹಾಗೆ ಕೇಳಿದಳು:

"ಟೀಚರ್, ನಂಗೆ ಜೇನುಹುಳ ಕಚ್ಚಿದ್ರೆ ಸೂಜಿ ಚುಚ್ಚೋರು ನೀವೇನಾ? ನಿಮಗೆ ಚುಚ್ಚೋಕೆ ಬರುತ್ತಾ?"