ಸೊನೆ ಹತ್ತಿದ ಸಹಿ

ತೊಡೆಯ ಮೇಲಿನ ಡಬ್ಬಿ ಇನ್ನೂ ಬಿಸಿ ಇದೆ, ಸೀರೆ ದಾಟಿ ಮೈಗೆ ತಾಗುತ್ತಿದೆ, ಬಸ್ಸು ಕುಲುಕಿದಾಗಲೆಲ್ಲ ಬೆಂದ ಬಾಳೆಎಲೆಯ ವಾಸನೆ ಏಳುತ್ತದೆ — ಕಮಲಾಪುರದಲ್ಲಿ ಇಳಿದ ಕೂಡಲೇ ತಮ್ಮ ಮಲ್ಕಪ್ಪ ಕೇಳುತ್ತಾನೆ, ಯಕ್ಕಾ, ನಮ್ಮನಿಗೆ ಬುತ್ತಿ ಕಟಗೊಂಡು ಬಂದಿ ಏನ, ಏನು ಹೇಳಲಿ, ಅವನ ತೋಟದ ಕೆಂಪು ಬಾಳೆಕಾಯಿಯೇ ಇದು, ಹಲೀಮಾಳಿಗೆಂದು ಬೇಯಿಸಿ ಮೋಮಿನಪುರ ಓಣಿಯ ಅವಳ ಹೊಸ ಕೋಣೆಯ ತನಕ ಹೊತ್ತು, ಹಾಗೆಯೇ ವಾಪಸ್ಸು ತಂದೆ ಎನ್ನಲೆ, ಮಗ ಸಂಜುಕುಮಾರ ಇರುವ ನಮ್ಮ ಮನೆಗೆ ಮರಳಲು ಕಾಲು ಬರಲಿಲ್ಲ, ಅದಕ್ಕೆ ನಿನ್ನ ಊರಿನ ಬಸ್ಸು ಹತ್ತಿದೆ ಎನ್ನಲೆ. ಎರಡು ವರ್ಷ ಗಾಜಿಪುರ ಓಣಿಯ ನಮ್ಮ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿದ್ದವಳು ಅವಳು, ಔಷಧಿ ಓದಲು ಉಗಾಂಡಾದಿಂದ ಬಂದವಳು, ನಮ್ಮ ಮಾತು ಕಲಿತ ಹೊಸದರಲ್ಲಿ ಒಂದು ದಿನ ಗೊನೆ ನೋಡಿ ಕಣ್ಣರಳಿಸಿ ಅಂದಿದ್ದಳು, ಅವ್ವಾ, ನಿಮ್ಮ ಬಾಳಿಕಾಯಿ ಯಾಕ್ರಿ ಇಷ್ಟು ನಾಚ್ಕೊಂಡಾವ, ನಮ್ಮೂರಾಗ ಹಸರ ಇರ್ತಾವ. ಅವರಲ್ಲಿ ಕಾಯಿ ಸುಲಿದು, ಎಲೆಯಲ್ಲಿ ಗಂಟು ಕಟ್ಟಿ, ತಾಸುಗಟ್ಟಲೆ ಹಬೆಯಲ್ಲಿಟ್ಟು, ಎಲೆಯೊಳಗೇ ಅಮುಕಿ ಅಮುಕಿ ಮೆತ್ತಗೆ ಮಾಡುತ್ತಾರೆ, ಮಾತೊಕೆ ಅನ್ನುತ್ತಾರೆ, ಜೊತೆಗೆ ಶೇಂಗಾದ ಗೊಜ್ಜು, ನಾನು ನಕ್ಕಿದ್ದೆ, ಇದೇನು ಹಲ್ಲ ಬರದ ಕೂಸಿಗಿ ಉಣಸೂದೇನ ಮಗಳ, ಅವಳು ಬಿಟ್ಟಾಳೆಯೇ, ಹೌದ್ರಿ, ನಿಮಗೂ ಹಲ್ಲಿಲ್ಲಲ್ಲ. ನನಗಾಗಿ ಹೊಸ ಪಾತ್ರೆ ತಂದಳು, ಮೀನು ಮಾಂಸ ಮುಟ್ಟಿಸದ ಪಾತ್ರೆ, ಮೊಣಕಾಲೂರಿ ಬಡಿಸುತ್ತಿದ್ದಳು, ಏಳ ಮಗಳ ಎಂದರೂ ಏಳಳು, ಅಜ್ಜಿ ಹಿಂಗ ಕಲಿಸ್ಯಾಳ್ರಿ, ಹಿರ್ಯಾರಿಗಿ ನಿಂತು ಕೊಡಬಾರದು, ನಾ ಇಲ್ಲಿ ಇದನ್ನ ಮಾಡಿದ್ರ ಅಕಿ ಅಲ್ಲಿ ಉಂಡಂಗ. ಹೊಟ್ಟೆ ತುಂಬಿದೆ ಎಂದು ನಾನೊಮ್ಮೆ ತಾಟು ಸರಿಸಿದಾಗ ಮುಖ ಸಣ್ಣದು ಮಾಡಿ, ಉಣ್ಣಬ್ಯಾಡ್ರಿ, ಒಂದು ಬೆರಳರ ಮುಟ್ಟಸ್ರಿ, ಮುಟ್ಟಿದ್ರ ಸಿಟ್ಟಿಲ್ಲ ಅಂತ ನಮ್ಮಲ್ಲಿ — ಮುಟ್ಟಿದ್ದೆ. ಇವತ್ತು ಅವಳ ಬಾಗಿಲಲ್ಲಿ ನಾನು ಎಲೆಯ ಗಂಟು ಬಿಚ್ಚಿ ಹಿಡಿದೆ, ಅವಳು ಕೈ ಚಾಚಿದಳು, ಬೆರಳು ಎಲೆಗೆ ತಾಗದೆ ಮೇಲೆಯೇ ನಿಂತಿತು, ನಿಂತೇ ಇತ್ತು, ಆಮೇಲೆ ಅದೇ ಕೈಯಿಂದ ಫೋನು ತೆಗೆದು ತೋರಿಸಿದಳು, ಕಾಲೇಜಿನವರಿಗೆ ಹೋದ ಅರ್ಜಿಯ ಫೋಟೊ, ಓದ್ರಿ ಅವ್ವಾ, ನೀವೇ ಓದ್ರಿ, ಅಕ್ಷರ ಕೂಡಿಸಿ ಓದಿದೆ, ಹಲೀಮಾ ಎಂಬಾಕೆಯ ಅಡುಗೆಯ ವಾಸನೆಗೆ ಮನೆಯಲ್ಲಿ ಇರಲಾಗುತ್ತಿಲ್ಲ, ಈಕೆಯನ್ನು ಬೇರೆ ಕಡೆ ಕಳಿಸಿರಿ, ಕೆಳಗೆ ಬಂಡಮ್ಮ ಎಂದು ನನ್ನದೇ ಸಹಿ, ಸಹಿಯ ಪಕ್ಕದಲ್ಲಿ ಬಾಳೆಕಾಯಿಯ ಸೊನೆಯ ಕಂದು ಕಲೆ. ಆ ಭಾನುವಾರದ್ದು. ಶೇಂಗಾ ತರಲು ಅವಳು ಮೇಲೆ ಹೋಗಿದ್ದಳು, ನಾನು ಕಾಯಿ ಸುಲಿಯುತ್ತಿದ್ದೆ, ಸಂಜು ಬಂದ, ಅವ್ವಾ, ನಳದ ಅರ್ಜಿ ಅದ, ಲಗೂನ ಸಹಿ ಮಾಡು, ಅಂಟುಗೈಯಲ್ಲೇ ಪೆನ್ನು ಹಿಡಿದೆ, ಅವಳು ಇಳಿದು ಬಂದು, ಏನ್ರಿ ಅದು, ನಾನೇ ಹೇಳಿದೆ, ನಳದ್ದು ಮಗಳ. ಹಲೀಮಾ ಯಾಕೆ ಕೋಣೆ ಬಿಟ್ಟು ಹೋದಳು ಎಂದು ನಿನ್ನೆ ಅವನನ್ನು ಕೇಳಿದರೆ, ಭಾಗ್ಯಾಗ ನೋಡಾಕ ಬೀದರದವರು ಬರೋರಿದ್ರು, ಮ್ಯಾಲ ಆಫ್ರಿಕಾದಾಕಿ ಅದಾಳಂದ್ರ ಅವರೇನಂದಾರು, ನಿನ್ನ ಮೊಮ್ಮಗಳಕಿಂತ ಅಕಿ ಹೆಚ್ಚೇನು — ನಾನು ಹೆತ್ತ ಮಗ, ನನ್ನ ಕೈಯಿಂದಲೇ ನನ್ನ ಕೈ ಕಡಿಸಿದ, ರಾತ್ರಿ ಶಾಲೆಗೆ ಹೋಗಿ ಐವತ್ತರ ಮೇಲೆ ಕಲಿತ ಸಹಿ, ಅದನ್ನೇ ಕದ್ದ. ಇದನ್ನೆಲ್ಲ ಹಲೀಮಾಳಿಗೆ ಹೇಳಿದೆ, ನನ್ನ ಮಗ ಮೋಸ ಮಾಡಿದ, ನಾ ಓದಲಿಲ್ಲ, ಚಸ್ಮಾ ಇರಲಿಲ್ಲ, ಅವಳು ಇಷ್ಟೇ ಅಂದಳು, ಓದಲಾರದ ಎಲ್ಲೂ ಸಹಿ ಮಾಡಬ್ಯಾಡ ಅಂತ ನನಗ ಹೇಳಿಕೊಟ್ಟವರು ನೀವಲ್ರಿ ಅವ್ವಾ. ಚಸ್ಮಾ ಇರಲಿಲ್ಲ — ಇತ್ತು, ಮೂಗಿನ ಮೇಲೇ ಇತ್ತು, ಇಲ್ಲದಿದ್ದರೆ ಕಾಯಿಯ ಮೇಲಿನ ಕರಿ ನಾರು ನನಗೆ ಹೇಗೆ ಕಾಣುತ್ತಿತ್ತು, ಅವಳ ಹೆಸರು ಕಂಡಿತ್ತು, ಬಾಡಿಗೆಯವರ ಹೆಸರೂ ಬೇಕೇನೋ ಅಂದುಕೊಂಡೆ, ಆದರೆ ಅದರ ಮುಂದೆ ಅಡುಗೆ ಎಂದಿತ್ತು, ಅದೂ ಕಂಡಿತ್ತು, ನಳದ ಅರ್ಜಿಯಲ್ಲಿ ಅಡುಗೆಗೇನು ಕೆಲಸ ಎಂದು ಕೇಳಲು ಬಾಯಿ ತೆರೆದೆ, ಮಗನ ಮುಖ ನೋಡಿದೆ, ಕೇಳಿದರೆ ಹೇಳಿಬಿಟ್ಟಾನು ಎಂದು ಅಂಜಿ, ಮುಂದಿನ ಸಾಲಿಗೆ ಕಣ್ಣು ಹೋಗಗೊಡಲಿಲ್ಲ — ಅವಳಿಗದು ಗೊತ್ತಾಯಿತು, ನಾನು ಚಸ್ಮಾ ಎಂದ ಕೂಡಲೇ ಗೊತ್ತಾಯಿತು, ಎರಡನೆಯ ಸಲ ಎಲೆ ಮುಂದೆ ಹಿಡಿದೆನಲ್ಲ, ಒಂದು ಬೆರಳರ ಮುಟ್ಟಸ ಮಗಳ ಎಂದೆನಲ್ಲ, ಆ ಬೆರಳು ಮತ್ತೆ ಬಂತು, ಹಬೆ ತಾಗುವಷ್ಟು ಹತ್ತಿರ ಬಂತು, ಉಗುರಿನ ಮೇಲೆ ಸಣ್ಣ ಹನಿ ಕಟ್ಟಿತು, ಹನಿ ಕಟ್ಟಿದ ಆ ಬೆರಳು, ಮುಟ್ಟದೆ, ಎಲೆಗಿಂತ ಮೇಲೆಯೇ ನಿಂತಿತು, ಈ ಬಸ್ಸಿನಲ್ಲೂ ಕಣ್ಣ ಮುಂದೆ ಹಾಗೆಯೇ ನಿಂತಿದೆ, ಆ ಬೆರಳು